ತಂತಿ ಬಿಡದ ತೋಳು



ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಿರಿಯರಿಗೆ ರೈಲು ಎಂದರೆ ರಾಯಚೂರು. ಮುಂಬಯಿಯಿಂದ ಹಾಸುತ್ತ ಬಂದ ಜಿಐಪಿ ಕಂಪನಿಯ ಹಳಿ, ಅತ್ತಲಿಂದ ಬಂದ ಮದ್ರಾಸ್ ರೈಲ್ವೆಯ ಹಳಿ, ಇವೆರಡೂ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ದುಡಿಮೆಗೋ ಓದಿಗೋ ಊರು ಬಿಟ್ಟವರು ಅಲ್ಲಿ ರೈಲು ಹತ್ತಿ ಮೇಲಕ್ಕೆ ಹೋದರೆ ಮುಂಬಯಿ, ಕೆಳಕ್ಕೆ ಹೋದರೆ ಮದ್ರಾಸು. ಎರಡು ಊರಲ್ಲೂ ಇಳಿದ ಕೂಡಲೇ ಕಾಣುತ್ತಿದ್ದದ್ದು ಬೀದಿ ನಡುವೆ ಗಂಟೆ ಬಾರಿಸುತ್ತ ಹೋಗುವ ಟ್ರಾಂ ಗಾಡಿ. ಎತ್ತಿಲ್ಲ, ಕುದುರೆಯಿಲ್ಲ, ಹೊಗೆಯೂ ಇಲ್ಲ. ತಲೆಯ ಮೇಲೆ ಒಂದು ತಂತಿ, ಆ ತಂತಿಗೆ ಗಾಡಿಯ ನೆತ್ತಿಯಿಂದ ಚಾಚಿದ ಒಂದು ಕೋಲು.

ಮದ್ರಾಸಿನ ಟ್ರಾಂ 1953ರ ಏಪ್ರಿಲ್‌ನಲ್ಲಿ ನಿಂತಿತು, ಮುಂಬಯಿಯದು 1964ರ ಮಾರ್ಚ್ 31ರಂದು. ಆದರೆ ಆ ಕೋಲಿನ ಸಮಸ್ಯೆ ಟ್ರಾಂ ಜೊತೆ ಮುಗಿಯಲಿಲ್ಲ. ಇವತ್ತು ರಾಯಚೂರು ಸ್ಟೇಷನ್ನಿನಲ್ಲಿ ನಿಂತು ಎಂಜಿನ್ನಿನ ನೆತ್ತಿ ನೋಡಿದರೆ ಅದೇ ಸಮಸ್ಯೆ, ಬೇರೆ ರೂಪದಲ್ಲಿ. ಓಡುವ ಗಾಡಿಗೆ, ಓಡದೆ ನಿಂತ ತಂತಿಯಿಂದ, ಒಂದು ಕ್ಷಣವೂ ಕಡಿಯದ ಹಾಗೆ ಕರೆಂಟು ಕೊಡುವುದು ಹೇಗೆ? ವಿದ್ಯುತ್ ಮೋಟಾರು ಮಾಡುವುದನ್ನು ಮನುಷ್ಯ ಬೇಗ ಕಲಿತ. ಈ ಮುಟ್ಟಿಕೊಂಡಿರುವ ವಿದ್ಯೆ ಕೈಗೆ ಹತ್ತಲು ತಡವಾಯಿತು. ಇವತ್ತಿನ ಮಾತು ಅದರ ಮೇಲೆ.

ಮೊದಲು ಮದ್ರಾಸಿನ ಕಥೆಯನ್ನೇ ನೋಡೋಣ. ಭಾರತದ ಮೊದಲ ವಿದ್ಯುತ್ ಟ್ರಾಂ ಓಡಿದ್ದು ಅಲ್ಲಿ, 1895ರ ಮೇ 7ರಂದು. ಲಂಡನ್ನಿನ ಬೀದಿಗಳಲ್ಲಿ ಇನ್ನೂ ಕುದುರೆಗಳೇ ಟ್ರಾಂ ಎಳೆಯುತ್ತಿದ್ದ ಕಾಲ ಅದು. ಮದ್ರಾಸಿನವರು ಮೊದಲಿಗೆ ತಲೆಯ ಮೇಲೆ ತಂತಿ ಕಟ್ಟಲಿಲ್ಲ. ಬೀದಿ ಚಂದ ಕಾಣಲಿ ಎಂದು ಹಳಿಗಳ ನಡುವೆ ನೆಲದಡಿ ಕಾಲುವೆ ತೆಗೆದು, ಅದರೊಳಗೆ ಕರೆಂಟಿನ ಪಟ್ಟಿ ಹಾಕಿದರು. ಗಾಡಿಯ ಕೆಳಗಿನಿಂದ ಒಂದು ನಾಲಗೆ ಆ ಸೀಳಿನೊಳಗೆ ಇಳಿದು ಕರೆಂಟು ತೆಗೆದುಕೊಳ್ಳುತ್ತಿತ್ತು. ಚಂದವೇನೋ ಚಂದವೇ. ಮಳೆಗಾಲ ಬಂತು, ಕಾಲುವೆಯಲ್ಲಿ ನೀರು ನಿಂತಿತು. ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲವೆಂದು ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟುವ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆ ಏರ್ಪಾಡು ಹಾಳಾಗಿ, ಮದ್ರಾಸಿನಲ್ಲೂ ಕಂಬ ನೆಟ್ಟು ಮೇಲೆ ತಂತಿ ಎಳೆದರು.

ನಮ್ಮ ಬೆಂಗಳೂರಿನ ಮೆಟ್ರೋದಲ್ಲಿ ಮೇಲೆ ತಂತಿಯಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಅಲ್ಲಿ ಹಳಿಯ ಪಕ್ಕಕ್ಕೇ ಮೂರನೆಯ ಹಳಿ ಹಾಕಿ, ಅದರಲ್ಲಿ 750 ವೋಲ್ಟ್ ಹರಿಸುತ್ತಾರೆ. ಮೇಲುಸೇತುವೆಯಲ್ಲೋ ಸುರಂಗದಲ್ಲೋ ಯಾರೂ ಕಾಲಿಡದ ದಾರಿಯಾದ್ದರಿಂದ ಅದು ನಡೆಯುತ್ತದೆ. ನಮ್ಮ ಎರೆಹೊಲಗಳ ನಡುವೆ ಹಾಗೆ ಹಾಕಿದರೆ ಮೇಯಲು ಬಂದ ಎಮ್ಮೆಗಳ ಗತಿ ಏನು? ಜನ, ದನ ದಾಟುವ ಕಡೆ ಕರೆಂಟು ತಲೆಯ ಮೇಲೆಯೇ ಇರಬೇಕು.

ಮನೆಯ ಬಲ್ಬಿಗೆ ಎರಡು ತಂತಿ ಬೇಕು, ಟ್ರಾಂಗೆ ಒಂದೇ ಸಾಕೇ ಎಂಬ ಅನುಮಾನ ಬರುವುದು ಸಹಜ. ಟ್ರಾಂಗೂ ಎರಡೇ ಬೇಕು. ಮೇಲಿನ ತಂತಿಯಿಂದ ಬಂದ ಕರೆಂಟು ಮೋಟಾರು ತಿರುಗಿಸಿ, ಕಬ್ಬಿಣದ ಗಾಲಿಗಳ ಮೂಲಕ ಹಳಿಗೆ ಇಳಿದು ವಾಪಸು ಹೋಗುತ್ತದೆ. ಹಳಿಯೇ ಎರಡನೆಯ ತಂತಿ. ಗಾಲಿಯ ಕಡೆ ಚಿಂತೆಯಿಲ್ಲ, ಗಾಡಿಯ ಭಾರವೆಲ್ಲ ಅದರ ಮೇಲಿದ್ದು ಹಳಿಗೆ ಒತ್ತಿಕೊಂಡೇ ಇರುತ್ತದೆ. ಕಷ್ಟವೆಲ್ಲ ಮೇಲುಗಡೆ.

ಆರಂಭದಲ್ಲಿ ಒಂದು ಪುಟ್ಟ ಗಾಲಿಗಾಡಿಯನ್ನು ತಂತಿಯ ಮೇಲೇ ಕೂರಿಸಿ, ಕೆಳಗಿನ ಟ್ರಾಂ ಅದನ್ನು ಹಗ್ಗದಂತಹ ಕೇಬಲ್ಲಿನಿಂದ ಎಳೆದುಕೊಂಡು ಹೋಗುವಂತೆ ಮಾಡಿದ್ದರು. ತಿರುವಿನಲ್ಲಿ ಅದು ತಂತಿ ಬಿಟ್ಟು ಜಾರಿ ಟ್ರಾಂನ ಮಾಡಿನ ಮೇಲೆ ಧೊಪ್ಪೆಂದು ಬೀಳುತ್ತಿತ್ತು. ಇದಕ್ಕೆ ಬೇರೆ ದಾರಿ ಹುಡುಕಿದವರಲ್ಲಿ ಚಾರ್ಲ್ಸ್ ವಾನ್ ಡೆಪೋಲೆ ಒಬ್ಬ. ಆ ದಾರಿಯನ್ನು ಊರಿಗೆ ಊರೇ ನಂಬುವಂತೆ ಮಾಡಿ ತೋರಿಸಿದವನು ಫ್ರಾಂಕ್ ಸ್ಪ್ರೇಗ್. ಅಮೆರಿಕದ ರಿಚ್ಮಂಡ್ ಊರಿನ ಏರು ಬೀದಿಗಳಲ್ಲಿ 1888ರಲ್ಲಿ ಅವನು ನಾಲ್ವತ್ತು ಗಾಡಿಗಳ ವಿದ್ಯುತ್ ಟ್ರಾಂ ಓಡಿಸಿದ. ಅಲ್ಲಿ ಆದದ್ದು ಒಂದು ತಿರುವುಮುರುವು. ತಂತಿಯ ಮೇಲೆ ಕುಳಿತು ಎಳೆಸಿಕೊಳ್ಳುವ ಬದಲು ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುವುದು. ಟ್ರಾಂನ ನೆತ್ತಿಯಲ್ಲಿ ಸ್ಪ್ರಿಂಗುಗಳ ಬುಡ, ಅದರಿಂದ ಎದ್ದ ಉದ್ದ ಕೋಲು, ತುದಿಯಲ್ಲಿ ಅಂಚಿನ ಸುತ್ತ ತೋಡು ಇರುವ ಸಣ್ಣ ಹಿತ್ತಾಳೆ ಗಾಲಿ. ತಂತಿ ಮೇಲೆದ್ದರೆ ಕೋಲೂ ಏಳುತ್ತದೆ, ತಂತಿ ಜೋತರೆ ಕೋಲೂ ತಗ್ಗುತ್ತದೆ. ಯಾರೂ ಹಿಡಿದಿರಬೇಕಿಲ್ಲ.

ಎಷ್ಟು ಒತ್ತಬೇಕು ಎನ್ನುವುದೇ ಇದರ ಜೀವಾಳ. ಕೂರಿಗೆ ಹಿಡಿದು ಬಿತ್ತಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೈ ಭಾರವಾದರೆ ಬೀಜ ಆಳಕ್ಕೆ ಇಳಿದು ಮೊಳಕೆ ಮೇಲೆ ಬರುವುದಿಲ್ಲ, ಎತ್ತುಗಳಿಗೂ ಜಗ್ಗಾಟ. ಕೈ ಹಗುರಾದರೆ ಬೀಜ ಮಣ್ಣಿನ ಮೇಲೇ ಉಳಿದು ಹಕ್ಕಿಯ ಪಾಲು. ಇಲ್ಲೂ ಹಾಗೆಯೇ. ಒತ್ತಡ ಹೆಚ್ಚಾದರೆ ತಂತಿ ಸವೆಯುತ್ತದೆ, ಮೇಲಕ್ಕೆ ಎತ್ತಿಕೊಂಡು ಕುಣಿಯುತ್ತದೆ. ಕಡಿಮೆಯಾದರೆ ನಡುವೆ ಸಂದು ಬಿದ್ದು ಕಿಡಿ ಹಾರುತ್ತದೆ. ನಮ್ಮ ಇಂದಿನ ರೈಲು ಎಂಜಿನ್ನುಗಳಲ್ಲಿ, ನಿಂತಾಗ ಅಳೆದರೆ, ಕೋಲಿನ ಜಾಗದಲ್ಲಿರುವ ತೋಳು ತಂತಿಯನ್ನು ಒತ್ತುವ ಬಲ ಬರೀ ಏಳು ಕಿಲೋ ತೂಕದಷ್ಟು. ಆರು ಸಾವಿರ ಅಶ್ವಶಕ್ತಿಯ ಯಂತ್ರಕ್ಕೆ ಬೇಕಾದ ಕರೆಂಟೆಲ್ಲ ಈ ಏಳು ಕಿಲೋ ಸ್ಪರ್ಶದ ಮೂಲಕವೇ ಇಳಿಯಬೇಕು.

ಕಿಡಿಯ ವಿಷಯ ಸಣ್ಣದಲ್ಲ. ರಾತ್ರಿ ಹೊತ್ತು ನೀಲಿ ಬೆಳಕು ಫಳಾರನೆ ಹೊಳೆಯುವುದು ನೋಡಲು ಚಂದ. ಆದರೆ ಪ್ರತಿ ಕಿಡಿಗೂ ತಂತಿಯ ಮೈ ಮೇಲೆ ಒಂದು ಸಣ್ಣ ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ಮುಂದಿನ ಗಾಡಿಯ ಕೋಲು ಎಗರುತ್ತದೆ, ಎಗರಿದಲ್ಲಿ ಮತ್ತೆ ಕಿಡಿ. ಇನ್ನೊಂದು ತೊಂದರೆ ನಮ್ಮ ಬಾನುಲಿಗೇ ಸಂಬಂಧಿಸಿದ್ದು. ಗುಡುಗು ಮಿಂಚಿನ ಹೊತ್ತಿನಲ್ಲಿ ಮೀಡಿಯಂ ವೇವ್ ರೇಡಿಯೋ ಕರಕರ ಎನ್ನುವುದನ್ನು ಕೇಳಿದ್ದೀರಿ. ಕಿಡಿ ಎಲ್ಲಿಯದೇ ಆದರೂ ರೇಡಿಯೋ ಅಲೆ ಎಬ್ಬಿಸುತ್ತದೆ. ಟ್ರಾಂ ಬೀದಿಯ ಮನೆಗಳಲ್ಲಿ ಸಂಗೀತ ಕಚೇರಿ ಕೇಳಲು ಕುಳಿತವರು ಮೋಡವಿಲ್ಲದ ಸಂಜೆಯಲ್ಲೂ ಈ ಕರಕರ ಅನುಭವಿಸಬೇಕಾಗಿತ್ತು.

ಕೋಲಿನ ಟ್ರಾಂನಲ್ಲಿ ಕಂಡಕ್ಟರನ ಪಾಡು ಕೇಳಬೇಕು. ಟಿಕೆಟ್ ಹರಿಯುವುದರ ಜೊತೆ ಅವನಿಗೆ ಇನ್ನೊಂದು ಕೆಲಸ, ಕೋಲಿನ ಹಗ್ಗ. ಕೋಲಿನ ತುದಿಯಿಂದ ಒಂದು ಹಗ್ಗ ಇಳಿದು ಗಾಡಿಯ ಹಿಂಬದಿಗೆ ಕಟ್ಟಿರುತ್ತದೆ. ಕೋಲು ಯಾವಾಗಲೂ ಹಿಂದಕ್ಕೆ ವಾಲಿಕೊಂಡು ಹೋಗಬೇಕು. ಮುಂದಕ್ಕೆ ಮಾಡಿಕೊಂಡು ಓಡಿಸಿದರೆ ಎಲ್ಲಾದರೂ ತೊಡರಿ ಮುರಿಯುತ್ತದೆ. ಹಾಗಾಗಿ ಕೊನೆಯ ನಿಲ್ದಾಣದಲ್ಲಿ ಗಾಡಿ ಹಿಂದಿರುಗುವಾಗ ಕಂಡಕ್ಟರು ಕೆಳಗಿಳಿದು, ಹಗ್ಗ ಜಗ್ಗಿ ಕೋಲನ್ನು ತಂತಿಯಿಂದ ಬಿಡಿಸಿ, ಅರ್ಧ ಸುತ್ತು ಹಾಕಿ ಆ ಕಡೆಗೆ ತಂದು, ಕತ್ತಲಾಗಲಿ ಮಳೆಯಾಗಲಿ, ಗುರಿಯಿಟ್ಟು ಮತ್ತೆ ತಂತಿಗೆ ಹಚ್ಚಬೇಕು. ಕಲ್ಕತ್ತೆಯವರು ಈ ತಾಪತ್ರಯಕ್ಕೆ ಬೇರೆ ಉಪಾಯ ಮಾಡಿದರು. ಅಲ್ಲಿ ಕೊನೆಯಲ್ಲಿ ಹಳಿಯನ್ನೇ ದುಂಡಗೆ ತಿರುಗಿಸಿದ್ದಾರೆ. ಗಾಡಿಯೇ ಸುತ್ತಿ ಬರುತ್ತದೆ, ಕೋಲು ಇದ್ದ ಹಾಗೇ ಇರುತ್ತದೆ.

ಎರಡು ದಾರಿ ಕವಲೊಡೆಯುವ ಕಡೆ ತಂತಿಯೂ ಕವಲೊಡೆಯುತ್ತದೆ. ಅಲ್ಲಿ ಗಾಲಿ ಯಾವ ತಂತಿಗೆ ಹೋಗಬೇಕೆಂಬ ಗೊಂದಲಕ್ಕೆ ಸಿಕ್ಕಿ, ಗಾಡಿ ಬಲಕ್ಕೆ, ಕೋಲು ಎಡಕ್ಕೆ ಆದದ್ದುಂಟು. ತಂತಿ ಬಿಟ್ಟ ಕೋಲು ಸುಮ್ಮನೆ ನಿಲ್ಲುವುದಿಲ್ಲ. ಬುಡದಲ್ಲಿ ಸ್ಪ್ರಿಂಗಿದೆಯಲ್ಲ, ಅದು ನೆಟ್ಟಗೆ ಆಕಾಶಕ್ಕೆ ಜಿಗಿದು, ಓಡುವ ಗಾಡಿಯ ವೇಗದಲ್ಲಿ ಅಡ್ಡ ತಂತಿಗಳಿಗೆ ಬಡಿದು, ಬೀದಿಯ ತಂತಿಯನ್ನೆಲ್ಲ ಕಿತ್ತು ಕೆಡವಬಹುದು. ಇದಕ್ಕಾಗಿ ಗಾಡಿಯ ಹಿಂಬದಿಯಲ್ಲಿ ಒಂದು ಡಬ್ಬಿ ಬಂತು. ಅದರಲ್ಲಿ ಹಗ್ಗ ಸುತ್ತಿಕೊಂಡಿರುತ್ತದೆ. ಹಗ್ಗ ಮೆಲ್ಲಗೆ ಬಿಚ್ಚಿಕೊಂಡರೆ ಸುಮ್ಮನಿರುತ್ತದೆ. ಕೋಲು ಚಂಗನೆ ಜಿಗಿದು ಹಗ್ಗವನ್ನು ಜಗ್ಗಿದರೆ ಒಳಗಿನ ಹಲ್ಲು ಕಚ್ಚಿ ಹಿಡಿಯುತ್ತದೆ, ಕೆಲವು ಬಗೆಯವು ಕೋಲನ್ನು ಕೆಳಗೇ ಎಳೆದುಕೊಳ್ಳುತ್ತವೆ. ಇಷ್ಟೆಲ್ಲ ಆದರೂ ಓಡಿಬಂದು ಹಗ್ಗ ಜಗ್ಗಿ ಟ್ರಾಂ ನಿಲ್ಲಿಸಿ ಪರಾರಿಯಾಗುವ ತುಂಟ ಹುಡುಗರಿಗೆ ಮದ್ದು ಯಾವ ದೇಶದಲ್ಲೂ ಸಿಗಲಿಲ್ಲ.

ಗಾಲಿ ತಿರುಗಿ ತಿರುಗಿ ಬೇಗ ಸವೆಯುತ್ತಿತ್ತು. ಅದರ ಜಾಗಕ್ಕೆ ತಿರುಗದೆ ಜಾರುವ ಪಾದ ಬಂತು, ಪಾದದೊಳಗೆ ಇಂಗಾಲದ ತುಂಡು. ಇಂಗಾಲ ತಾಮ್ರಕ್ಕಿಂತ ಮೆದು. ಉಜ್ಜಿದಾಗ ತಾನು ಪುಡಿಯಾಗಿ ತಂತಿಯನ್ನು ಉಳಿಸುತ್ತದೆ, ಪುಡಿಯೇ ತಂತಿಗೆ ಜಾರಿಕೆಯ ಲೇಪವಾಗುತ್ತದೆ. ಮೈಲುಗಟ್ಟಲೆ ತಂತಿ ಬದಲಿಸುವುದಕ್ಕಿಂತ ಅಂಗೈಯಗಲದ ಇಂಗಾಲ ಬದಲಿಸುವುದು ಅಗ್ಗ. ಇಂದಿನ ಎಂಜಿನ್ನುಗಳಲ್ಲೂ ತಂತಿಗೆ ತಾಗುವ ಪಟ್ಟಿ ಇಂಗಾಲದ್ದೇ.

ಕೋಲಿಗೆ ಒಂದು ಹುಟ್ಟುಗುಣ. ಅದು ತಂತಿಯನ್ನು ಒಂದು ಬಿಂದುವಿನಲ್ಲಿ ಹಿಡಿದಿರುತ್ತದೆ, ಆ ಬಿಂದು ತಪ್ಪಿದರೆ ಎಲ್ಲವೂ ತಪ್ಪಿತು. ಜರ್ಮನಿಯ ಸೀಮೆನ್ಸ್ ಕಂಪನಿಯವರು ಬಿಂದುವಿನ ಬದಲು ಅಗಲವಾದ ಅಡ್ಡಪಟ್ಟಿಯ ಬಿಲ್ಲು ತಂದರು. ತಂತಿ ಅತ್ತಿತ್ತ ಸರಿದರೂ ಪಟ್ಟಿಯ ಮೇಲೆಯೇ ಇರುತ್ತದೆ. ಆಮೇಲೆ ಅದೇ ಅಡ್ಡಪಟ್ಟಿಯನ್ನು ಮಡಚುವ ಚೌಕಟ್ಟಿನ ಮೇಲೆ ಕೂರಿಸಿದ್ದು ಪ್ಯಾಂಟೋಗ್ರಾಫ್. ಹಳೆಯ ಎಂಜಿನ್ನುಗಳ ಮೇಲೆ ವಜ್ರಾಕಾರದಲ್ಲಿ ಕಾಣುತ್ತಿದ್ದ ಆ ಚೌಕಟ್ಟು, ಫ್ರಾನ್ಸಿನ ಲೂಯಿ ಫೇವೆಲೆ 1955ರಲ್ಲಿ ರೂಪಿಸಿದ ಮೇಲೆ, ಮೊಣಕೈ ಮಡಚಿದಂತಹ ಒಂಟಿ ತೋಳಾಯಿತು. ಈಗ ನಾವು ನೋಡುವುದು ಬಹುಪಾಲು ಅದನ್ನೇ. ಎಂಜಿನ್ನಿನ ಮೇಲೆ ಎರಡು ತೋಳುಗಳಿದ್ದರೂ ಸಾಮಾನ್ಯವಾಗಿ ಹಿಂದಿನದನ್ನೇ ಎತ್ತಿರುತ್ತಾರೆ. ಅದು ಮುರಿದರೆ ಅದರ ಚೂರುಗಳು ಹಿಂದಕ್ಕೆ ಹೋಗುತ್ತವೆ, ಮುಂದಿನದು ಉಳಿಯುತ್ತದೆ. ಹೊಸ ತೋಳುಗಳಲ್ಲಿ ಇಂಗಾಲದ ಪಟ್ಟಿಯೊಳಗೆ ಗಾಳಿಯ ಕೊಳವೆಯೊಂದಿದೆ. ಪಟ್ಟಿ ಒಡೆದರೆ ಗಾಳಿ ಸೋರಿ ತೋಳು ತಾನಾಗಿ ಕೆಳಗೆ ಕುಸಿಯುತ್ತದೆ. ಹಗ್ಗ ಹಿಡಿದ ಕಂಡಕ್ಟರನ ಕೆಲಸ ಈಗ ಗಾಳಿಯ ಪಾಲಿಗೆ ಬಂದಿದೆ.

ಇಷ್ಟು ಹೊತ್ತು ತೋಳಿನ ಮಾತಾಯಿತು. ನನ್ನನ್ನು ಕೇಳಿದರೆ ತೋಳಿಗಿಂತ ತಂತಿಯೇ ಹೆಚ್ಚು ಜಾಣತನದ ವಸ್ತು. ಜನ ತೋಳನ್ನು ನೋಡುತ್ತಾರೆ, ತಂತಿಯನ್ನು ಯಾರೂ ನೋಡುವುದಿಲ್ಲ.

ಹಳಿಯ ನಡುವೆ ನಿಂತು ತಲೆಯೆತ್ತಿ ನೋಡಲು ಹೋಗಬೇಡಿ. ಪ್ಲಾಟ್‌ಫಾರ್ಮಿನ ತುದಿಯಿಂದ ದೂರಕ್ಕೆ ಕಣ್ಣು ಹಾಯಿಸಿ. ತಂತಿ ನೆಟ್ಟಗಿಲ್ಲ ಎಂಬುದು ಕಾಣುತ್ತದೆ. ಒಂದು ಕಂಬದ ಬಳಿ ಹಳಿಯ ನಡುಗೆರೆಯಿಂದ 20 ಸೆಂಟಿಮೀಟರ್ ಎಡಕ್ಕೆ, ಮುಂದಿನ ಕಂಬದ ಬಳಿ ಅಷ್ಟೇ ಬಲಕ್ಕೆ. ಕಟ್ಟಿದವರ ಕೈ ಸೊಟ್ಟಗಾಗಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ತಂತಿ ನೆಟ್ಟಗಿದ್ದರೆ ಇಂಗಾಲದ ಪಟ್ಟಿಯ ಒಂದೇ ಜಾಗ ಉಜ್ಜಿ ಉಜ್ಜಿ ಗರಗಸ ಕೊಯ್ದಂತೆ ಸೀಳಿಹೋಗುತ್ತಿತ್ತು. ಅಂಕುಡೊಂಕಾಗಿದ್ದರೆ ಪಟ್ಟಿ ಉದ್ದಕ್ಕೂ ಸಮನಾಗಿ ಸವೆಯುತ್ತದೆ. ಇನ್ನು, ಮೇಲೆ ಒಂದು, ಕೆಳಗೆ ಒಂದು, ಎರಡು ತಂತಿಗಳಿವೆ. ಮೇಲಿನದು ಕಂಬದಿಂದ ಕಂಬಕ್ಕೆ ಜೋತು ಭಾರ ಹೊರುತ್ತದೆ. ಕೆಳಗಿನದನ್ನು ಅದಕ್ಕೆ ಸಣ್ಣ ಸಣ್ಣ ಇಳಿತಂತಿಗಳಿಂದ ತೂಗುಹಾಕಿ ಮಟ್ಟಸವಾಗಿ ಹಿಡಿದಿರುತ್ತಾರೆ. ತೋಳು ತಾಗುವುದು ಕೆಳಗಿನದಕ್ಕೆ ಮಾತ್ರ.

ಈಗ ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿನ ಮಾತಿಗೆ ಬರೋಣ. ತಾಮ್ರ ಕಾದರೆ ಹಿಗ್ಗುತ್ತದೆ. ಒಂದು ತುದಿ ಬಿಗಿದ 750 ಮೀಟರ್ ತಂತಿಯನ್ನು ತೆಗೆದುಕೊಳ್ಳಿ. ಚಳಿಗಾಲದ ಬೆಳಗಿನ ಜಾವ ಅದು 15 ಡಿಗ್ರಿ ಇದ್ದು, ಏಪ್ರಿಲ್ ಮಧ್ಯಾಹ್ನ ಬಿಸಿಲು ಕುಡಿದು 50 ಡಿಗ್ರಿ ಆಯಿತೆನ್ನಿ. ಲೆಕ್ಕ ಹಾಕಿದರೆ ತಂತಿ ಸುಮಾರು 45 ಸೆಂಟಿಮೀಟರ್ ಉದ್ದವಾಗಿರುತ್ತದೆ, ಸರಿಯಾಗಿ ಒಂದು ಮೊಳ. ಈ ಮೊಳದುದ್ದವನ್ನು ಯಾರೂ ನುಂಗಿಕೊಳ್ಳದಿದ್ದರೆ ತಂತಿ ಜೋಲುಬಿದ್ದು, ತೋಳು ಪ್ರತಿ ಕಂಬದ ನಡುವೆಯೂ ಇಳಿದು ಹತ್ತಿ ಕುಣಿಯಬೇಕಾಗುತ್ತದೆ. ನಿಧಾನವಾಗಿ ಹೋಗುವ ಟ್ರಾಂ ಇದನ್ನು ತಡೆದುಕೊಂಡೀತು; ಗಂಟೆಗೆ ನೂರು ಕಿಲೋಮೀಟರ್ ದಾಟುವ ರೈಲು ತಡೆಯಲಾರದು. ಅದಕ್ಕೇ ಒಂದೂವರೆ ಕಿಲೋಮೀಟರ್‌ಗೊಮ್ಮೆ ತಂತಿಯನ್ನು ಮುಗಿಸಿ, ಅದರ ತುದಿಯನ್ನು ರಾಟೆಗಳ ಮೇಲೆ ಹಾಯಿಸಿ, ಕಂಬದ ಪಕ್ಕ ಭಾರದ ಬಿಲ್ಲೆಗಳನ್ನು ತೂಗುಬಿಟ್ಟಿರುತ್ತಾರೆ. ತಂತಿ ಹಿಗ್ಗಿದಾಗ ಬಿಲ್ಲೆಗಳು ಇಳಿಯುತ್ತವೆ, ಕುಗ್ಗಿದಾಗ ಏರುತ್ತವೆ. ಮೂರು ಪಟ್ಟಿನ ರಾಟೆಯಾದರೆ ತಂತಿಯ ಒಂದು ಮೊಳಕ್ಕೆ ಬಿಲ್ಲೆಗಳದು ಮೂರು ಮೊಳದ ಓಡಾಟ. ಎಷ್ಟು ಬಿಸಿಲಾದರೂ ಎರಡು ತಂತಿಗಳಲ್ಲೂ ತಲಾ ಒಂದು ಟನ್ ಬಿಗಿ ಹಾಗೇ ಉಳಿಯುತ್ತದೆ. ಮೋಟಾರಿಲ್ಲ, ಕಂಪ್ಯೂಟರಿಲ್ಲ. ಈ ಇಡೀ ಏರ್ಪಾಡಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಬಿಲ್ಲೆಗಳು.

ಬಿಗಿ ಏಕೆ ಅಷ್ಟು ಮುಖ್ಯ ಎನ್ನಲು ಇನ್ನೊಂದು ಕಾರಣವಿದೆ. ತೋಳು ಒತ್ತಿದಾಗ ತಂತಿ ಸ್ವಲ್ಪ ಮೇಲೇಳುತ್ತದೆ, ಆ ಉಬ್ಬು ಅಲೆಯಾಗಿ ತಂತಿಯುದ್ದಕ್ಕೂ ಓಡುತ್ತದೆ. ಒಂದು ಟನ್ ಬಿಗಿಯ ನಮ್ಮ ತಂತಿಯಲ್ಲಿ ಅದರ ವೇಗ ಗಂಟೆಗೆ ಸುಮಾರು 360 ಕಿಲೋಮೀಟರ್. ರೈಲು ಅದಕ್ಕಿಂತ ಬಹಳ ನಿಧಾನವಾಗಿದ್ದರೆ ಅಲೆ ಮುಂದೆ ಹೋಗಿ ಕರಗುತ್ತದೆ. ರೈಲು ಅಲೆಯ ವೇಗಕ್ಕೆ ಸಮೀಪಿಸಿದರೆ ತೋಳು ತಾನೇ ಎಬ್ಬಿಸಿದ ಉಬ್ಬಿಗೆ ತಾನೇ ಡಿಕ್ಕಿ ಹೊಡೆಯುತ್ತದೆ. ಫ್ರಾನ್ಸಿನವರು 2007ರ ಏಪ್ರಿಲ್ 3ರಂದು ಗಂಟೆಗೆ 574.8 ಕಿಲೋಮೀಟರ್ ವೇಗದ ದಾಖಲೆ ಮಾಡುವಾಗ ರೈಲನ್ನಷ್ಟೇ ಅಲ್ಲ, ತಂತಿಯನ್ನೂ ಸಜ್ಜು ಮಾಡಿದ್ದರು. ಅದರ ಬಿಗಿಯನ್ನು ನಾಲ್ಕು ಟನ್ನಿನಷ್ಟಕ್ಕೆ ಏರಿಸಿದ್ದರು.

ಟ್ರಾಂ ತಂತಿಯಲ್ಲಿ ಹರಿಯುವುದು 550 ವೋಲ್ಟ್ ಆಸುಪಾಸು, ನಮ್ಮ ರೈಲು ತಂತಿಯಲ್ಲಿ 25 ಸಾವಿರ ವೋಲ್ಟ್. ದೊಡ್ಡ ಎಂಜಿನ್ನಿಗೆ ಟ್ರಾಂನ ವೋಲ್ಟೇಜಿನಲ್ಲಿ ಶಕ್ತಿ ಕೊಡಲು ಹೊರಟರೆ ಎಂಟು ಸಾವಿರ ಆಂಪಿಯರ್ ಹರಿಯಬೇಕಾಗುತ್ತದೆ, ಇಂಗಾಲದ ಪಟ್ಟಿ ನಿಂತಲ್ಲೇ ಸುಟ್ಟುಹೋಗುತ್ತದೆ. 25 ಸಾವಿರ ವೋಲ್ಟ್ ಆದರೆ ಇನ್ನೂರು ಆಂಪಿಯರ್ ಆಸುಪಾಸು ಸಾಕು. ಏಳು ಕಿಲೋ ಸ್ಪರ್ಶ ಸಾಲುವುದು ಇದರಿಂದಲೇ. ಇದಕ್ಕೆ ತೆರುವ ಬೆಲೆಯೆಂದರೆ ಆ ತಂತಿಯನ್ನು ಮುಟ್ಟದಿದ್ದರೂ, ಹತ್ತಿರ ಹೋದರೇ ಸಾಕು, ಕರೆಂಟು ಜಿಗಿಯುತ್ತದೆ.

ಈ ಮಾತು ಈಗ ನಮ್ಮ ಭಾಗದವರಿಗೆ ಬೇಕಾದದ್ದು. ಗಿಣಿಗೇರಾ, ಗಂಗಾವತಿ, ಕಾರಟಗಿ ಹಾದು 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂತು. ಹಳಿ ರಾಯಚೂರಿಗೆ ಕೂಡಬೇಕಿದೆ. ಗದಗ-ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿದೆ, ಲಿಂಗಸುಗೂರು ಅದರ ಮುಂದಿನ ದಾರಿಯಲ್ಲಿದೆ. ಎರಡರ ನಡುವೆ ಇರುವ ಮಸ್ಕಿಯವರು ಯಾವ ಕಡೆಗೆ ಬಸ್ಸು ಹಿಡಿಯಬೇಕೆಂದು ಆಗ ಯೋಚಿಸಬಹುದು. ಬ್ರಾಡ್‌ಗೇಜ್ ಹಾದಿಗಳಿಗೆಲ್ಲ ವಿದ್ಯುತ್ ತಂತಿ ಹಾಕುವುದು ಈಗ ರೈಲ್ವೆಯ ನೀತಿ. ಅಂದರೆ ತುಂಗಭದ್ರಾ ಎಡದಂಡೆಯ ಗದ್ದೆಗಳ ಜನ ಈ ತಂತಿಯ ಜೊತೆ ಬಾಳುವುದನ್ನು ಕಲಿಯಬೇಕು.

ಭತ್ತ ಕಟಾವಾದ ಮೇಲೆ ಹುಲ್ಲು ಹೇರಿಕೊಂಡು ಹೊರಡುವ ಟ್ರಾಕ್ಟರುಗಳನ್ನು ನೆನೆಯಿರಿ. ಟ್ರೇಲರಿನ ಮೇಲೆ ಹುಲ್ಲಿನ ಗುಡ್ಡ, ಗುಡ್ಡದ ಮೇಲೆ ಇಬ್ಬರು ಮೂವರು ಆಳುಗಳು. ತಂತಿಯಿರುವ ಲೆವೆಲ್ ಕ್ರಾಸಿಂಗಿನ ಎರಡೂ ಕಡೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಮಾನು ನಿಲ್ಲಿಸಿರುತ್ತಾರೆ. ಅದರ ಎತ್ತರ 4.67 ಮೀಟರ್, ಹದಿನೈದು ಅಡಿಗೆ ತುಸು ಹೆಚ್ಚು. ಅದರಡಿ ಹೋಗದ ಹೇರು ತಂತಿಯಡಿಯೂ ಹೋಗಬಾರದು. ಹೇರು ತೂರಿತೆಂದು ಮೇಲೆ ಕುಳಿತವರು ಹಾಗೇ ಹೋಗುವುದೂ ಸಲ್ಲ, ಇಳಿದು ನಡೆದು ದಾಟಬೇಕು. ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಹುಡುಗರಿಗೂ ಇದೇ ಮಾತು. ಫೋನು ಹಿಡಿದು ಕೈ ಎತ್ತಿದರೆ ತಂತಿಗೆ ಉಳಿಯುವ ಅಂತರ ಬಹಳ ಕಡಿಮೆ.

ತೋಳು ತಂತಿ ಬಿಡದಂತೆ ಕಾಯುವ ಕೆಲಸದಲ್ಲಿ ಕಾಗೆಗಳೂ ಪಾಲುದಾರರು, ವಿರುದ್ಧ ಪಕ್ಷದಲ್ಲಿ. ಕಾಗೆ ಕಡ್ಡಿಯ ಜೊತೆ ಬೈಂಡಿಂಗ್ ತಂತಿಯ ತುಂಡುಗಳನ್ನೂ ಆರಿಸಿ ತಂದು ಕಂಬದ ಮೇಲೆ ಗೂಡು ಕಟ್ಟುತ್ತದೆ. ಒಂದು ತುಂಡು ಜಾರಿ ಪಿಂಗಾಣಿ ಇನ್ಸುಲೇಟರಿಗೆ ಅಡ್ಡವಾದರೆ ಇಡೀ ವಿಭಾಗದ ಕರೆಂಟು ಹೋಗುತ್ತದೆ. ಗೂಡು ಕಟ್ಟುವ ಕಾಲದಲ್ಲಿ ರೈಲ್ವೆ ಸಿಬ್ಬಂದಿ ಕಂಬ ಕಂಬ ನೋಡಿ ಅವನ್ನು ತೆಗೆಯುತ್ತಾರೆ. ಹಳಿಯ ಪಕ್ಕದ ಬಳ್ಳಾರಿ ಜಾಲಿಯ ಕೊಂಬೆ ಸವರುವುದೂ ಅವರದೇ ಪಾಡು. ಮಾಡಿನ ಮೇಲೆ ಕಟಕಟೆಯಿರುವ ಒಂಟಿ ಡಬ್ಬಿಯ ಗಾಡಿ ಹಳಿಯ ಮೇಲೆ ನಿಂತು, ಅದರ ಮೇಲೆ ನಾಲ್ಕೈದು ಜನ ತಂತಿಯ ಎತ್ತರ, ಡೊಂಕು, ಸವೆತ ಅಳೆಯುತ್ತಿದ್ದರೆ ಅದು ಟವರ್ ವ್ಯಾಗನ್. ಆ ಹೊತ್ತಿಗೆ ಅಲ್ಲಿ ಕರೆಂಟು ತೆಗೆಸಿ, ತಂತಿಯನ್ನು ಭೂಮಿಗೆ ಜೋಡಿಸಿಯೇ ಅವರು ಮೇಲೆ ಹತ್ತಿರುತ್ತಾರೆ.

ತಂತಿ ಹರಿದು ಹೊಲಕ್ಕೋ ಹಳಿಗೋ ಬಿದ್ದದ್ದು ಕಂಡರೆ ಅದು ಸತ್ತ ತಂತಿ ಎಂದು ತಿಳಿಯಬೇಡಿ. ಹತ್ತಿರ ಹೋಗಬೇಡಿ, ದನ ಹೋಗಗೊಡಬೇಡಿ, ಕೋಲಿನಿಂದ ಸರಿಸಲೂ ಹೋಗಬೇಡಿ. ಸಮೀಪದ ಗೇಟ್‌ಮನ್ನಿಗೋ ಸ್ಟೇಷನ್ನಿಗೋ ತಿಳಿಸಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಎಲ್ಲಿ ಎಂದು ಕೇಳಿದರೆ ಊರ ಹೆಸರಷ್ಟೇ ಸಾಲದು. ದೂರದಿಂದಲೇ ಓದುವ ಹಾಗೆ ಪ್ರತಿ ಕಂಬದ ಮೇಲೂ ಗೀಟಿನ ಆಚೆ ಈಚೆ ಎರಡು ಅಂಕಿ ಬರೆದಿರುತ್ತಾರೆ, ಮೊದಲನೆಯದು ಕಿಲೋಮೀಟರು, ಎರಡನೆಯದು ಕಂಬದ ಸಂಖ್ಯೆ. ಅದನ್ನು ಓದಿ ಹೇಳಿದರೆ ಟವರ್ ವ್ಯಾಗನ್ನಿನವರು ಹುಡುಕಾಡದೆ ನೇರ ಅಲ್ಲಿಗೇ ಬರುತ್ತಾರೆ.